ಗಾಳಿಯ ಲೆಕ್ಕದಲ್ಲಿ ತುಂಬಿದ ಕಡಲು

ಸುಭಾಷ, ಆ ದಿಕ್ಕು ತಪ್ಪಿಸಿದವಳು ನಾನು — ನೀನಲ್ಲ.

ಭೂಕಂಪದಲ್ಲಿ ಕಾಸಾರಶಿರಸಿಯ ನಮ್ಮ ಮನೆ ಬಿದ್ದಾಗ ನಿನ್ನ ಅವ್ವ ತನ್ನ ತಗಡಿನ ಶೆಡ್ಡಿನಲ್ಲಿ ನನಗೂ ರೊಟ್ಟಿ ಬಡಿದಳು. ಉಂಡ ಮನೆಯ ಜಂತೆ ಎಣಿಸಬಾರದಂತೆ. ಆ ಶೆಡ್ಡಿಗೆ ಜಂತೆಯೇ ಇರಲಿಲ್ಲ, ಆದರೂ ಎಣಿಸಿದೆ. ಮುಂದೆ ನಾನು ಕಡಲಶಾಸ್ತ್ರ ಓದಿ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಹಿಡಿದೆ. ನೆರೆಮನೆಯ ತಮ್ಮನೆಂದು ನಿನ್ನನ್ನೂ ಆ ಸಂಸ್ಥೆಗೆ, ಅದರ ಹಡಗಿಗೆ ಕರೆದುಕೊಂಡು ಹೋದೆ.

ಬಿಸಿಲೇ ಕಾಣದ ಆಳದಲ್ಲಿ ಬದುಕುವ ಹವಳ ಎದ್ದು ಊಟ ಹುಡುಕಲಾರದು. ಕಡಲೊಳಗೆ ಹರಿಯುವ ಪ್ರವಾಹವೇ ತಂದು ಉಣಿಸಬೇಕು. ಸತ್ತ ಹವಳದ ಎಲುಬಿನ ಸಂದಿಯಲ್ಲಿ ಅದೇ ಪ್ರವಾಹದ ಕೆಸರು ಸಿಕ್ಕಿ, ಯುಗಯುಗ ಕಳೆದು ಸುಣ್ಣದ ದಿಬ್ಬ ಏಳುತ್ತದೆ. ದಿಬ್ಬ ಬೆಳೆಯುವುದು ಪ್ರವಾಹ ಬಡಿಯುವ ಮಗ್ಗುಲಿಗೋ, ಮರೆಯ ಮಗ್ಗುಲಿಗೋ — ನಾವು ನೋಡಬೇಕಿದ್ದದ್ದು ಇಷ್ಟೇ.

ನಾನು ಕಣದಲ್ಲಿ ಜೋಳ ತೂರಿ ಬೆಳೆದವಳು. ಪಡುವಣ ಗಾಳಿ ಎಂದರೆ ನಮಗೆ ಪಡುವಣದಿಂದ ಬರುವ ಗಾಳಿ. ಕಡಲಿನವರ ರೂಢಿ ತಿರುವುಮುರುವು. ಅವರು ಪ್ರವಾಹ ಹೋಗುವ ದಿಕ್ಕನ್ನು ಹೇಳುತ್ತಾರೆ. ನನಗದು ಗೊತ್ತಿತ್ತು. ಆದರೂ ಹಳೆಯ ಅಭ್ಯಾಸದಲ್ಲಿ, ಕಂಪ್ಯೂಟರು ಪ್ರವಾಹ ಹೋಗುವ ದಿಕ್ಕು ಕೇಳಿದಲ್ಲಿ ಬರುವ ದಿಕ್ಕನ್ನೇ ತುಂಬಿದೆ. ನಮ್ಮ ಹವಳಗಳು ಊಟಕ್ಕೆ ಬೆನ್ನು ಮಾಡಿ ಕೂತಂತೆ ಕಂಡವು. ನಮ್ಮ ತಂಡ ನಡೆಸುತ್ತಿದ್ದ ಗುರುಗಳು ಅದನ್ನೇ ದೊಡ್ಡ ಸಭೆಯಲ್ಲಿ ಹೇಳಿ ನಗೆಪಾಟಲಾದರು.

ತುಂಬಿದವರು ಯಾರು ಎಂದು ಅವರು ಕೇಳಿದ ದಿನ ನೀನು ಊರಿಗೆ ಹೋಗಿದ್ದೆ. ಪಾಳಿಯ ಮೇಲೆ ಇಬ್ಬರೂ ತುಂಬುತ್ತಿದ್ದೆವಲ್ಲ — ಸುಳ್ಳು ಸಲೀಸಾಗಿ ಬಂತು.

"ಸುಭಾಷ, ಸರ್. ಹಳ್ಳಿ ಹುಡುಗ, ಗಾಳಿಯ ಲೆಕ್ಕ ಹಿಡಿದಿದ್ದಾನೆ."

ನಾನೇನು ಪಟ್ಟಣದಲ್ಲಿ ಹುಟ್ಟಿದವಳೇ? ನಾಚಿಕೆಯಾಗುತ್ತದೆ. ನಿನ್ನನ್ನು ಕೈಬಿಟ್ಟರು. ದಿಕ್ಕು ತಿದ್ದಿದ ಮೇಲೆ ಹವಳ ಪ್ರವಾಹಕ್ಕೆ ಮುಖ ಕೊಟ್ಟು ನಿಂತದ್ದು, ದಿಬ್ಬ ಅದೇ ಕಡೆಗೆ ಬೆಳೆದದ್ದು ಸ್ಪಷ್ಟವಾಯಿತು. ಹೆಸರು ನನಗೆ ಬಂತು. ನೀನು ಉದಗೀರದಲ್ಲಿ ಬ್ಯಾಟರಿ ಅಂಗಡಿ ಹಾಕಿದೆ.

ಹೋದ ಯುಗಾದಿಗೆ ಆ ಅಂಗಡಿಗೆ ಬಂದದ್ದು ಇದನ್ನು ಹೇಳಲೆಂದೇ. ಚಹಾ ತರಿಸಿ, ನನಗಿಂತ ಮೊದಲು ನೀನೇ ಮಾತು ತೆಗೆದೆ.

"ಅಕ್ಕಾ, ಅವತ್ತು ನಾ ಏನ್ ತುಂಬಿದ್ನೋ ನೆಪ್ಪಿಲ್ಲ. ಆದ್ರ ತಪ್ಪು ನಂದೇ ಅದ. ನೀ ನಂಬಿ ಕರಕೊಂಡು ಹೋಗಿದ್ದಿ, ಸಾಹೇಬರ ಮುಂದ ನಿನ್ನ ತಲಿ ತಗ್ಗೂವಂಗ ಮಾಡ್ದೆ. ಮಾಫ್ ಮಾಡು."

ನಾನು ಹೇಳಬೇಕಿತ್ತು. ಬಾಯಿ ತೆರೆದೆ ಕೂಡ — ಆದರೆ ಬಂದದ್ದು, "ಇರಲಿ ಬಿಡೋ, ಆಗಿದ್ದು ಆತು."

ನಿನ್ನ ಕಣ್ಣು ತುಂಬಿ ಬಂತು. ನಾನು ನಿನ್ನ ಹೆಗಲು ತಟ್ಟಿ, ಚಹಾ ಮುಗಿಸಿ, ನಿಲಂಗಾ ಬಸ್ಸು ಹತ್ತಿದೆ. ಕ್ಷಮಿಸಿ ಬಂದೆ, ಸುಭಾಷ — ನಾನು, ನಿನ್ನನ್ನು.