ಮೊದಲು ತಪ್ಪು ಹೇಳು, ಆಮೇಲೆ ಎತ್ತು

ಡ್ರೋನ್ ಬಿದ್ದಾಗ ಹಾರಿಸಿದವನು ಮೊದಲು ಬೈಯುವುದು ಗಾಳಿಯನ್ನು, ಆಮೇಲೆ ಬ್ಯಾಟರಿಯನ್ನು. ನಾನೂ ಹಾಗೇ ಮಾಡಿದವನೇ. ಸುಗಟೂರಿನ ಚಿಕ್ಕಮ್ಮನ ಕಣದಲ್ಲಿ ನನ್ನ ಮೊದಲ ಹಾರಾಟ ಒಂದು ನಿಮಿಷವೂ ನಡೆಯಲಿಲ್ಲ. ಡ್ರೋನು ಹೋಗಿ ರಾಗಿ ಹುಲ್ಲಿನ ಬಣವೆಯೊಳಗೆ ತಲೆಕೆಳಗಾಗಿ ಹೊಕ್ಕಿತು. "ಗಾಳಿ ಹೊಡೀತು ಕಣೋ" ಅಂದೆ. ಕಣದ ಪಕ್ಕದ ಹೊಂಗೆ ಮರದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಜೊತೆಗಿದ್ದ ಗೆಳೆಯ ಬಿದ್ದು ಬಿದ್ದು ನಕ್ಕ. "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ" ಅಂದ. ನಾನು ಡ್ರೋನ್ ಎತ್ತಿಕೊಳ್ಳಲು ಬಗ್ಗಿದರೆ ಕೈ ಅಡ್ಡ ಹಿಡಿದ.

"ಮೊದ್ಲು ತಪ್ಪು ಹೇಳು. ಆಮೇಲೆ ಎತ್ತು."

ಹೇಳುವ ತನಕ ಬಿಡಲಿಲ್ಲ. ಡ್ರೋನಿನ ಮೂತಿ ನನ್ನ ಕಡೆ ತಿರುಗಿತ್ತು, ಆಗ ಎಡ ಬಲ ಎರಡೂ ಅದಲು ಬದಲಾಗುತ್ತವೆ, ಗಾಬರಿಯಲ್ಲಿ ಅದು ಮರೆತುಹೋಯಿತು ಅಂತ ಬಣವೆಯ ಮುಂದೆ ನಿಂತು ಬಾಯಿಬಿಟ್ಟು ಹೇಳಿದೆ. ಅಂದಿನಿಂದ ಅದೇ ನಮ್ಮ ಕಟ್ಟಳೆ. ಬಿದ್ದದ್ದನ್ನು ಮುಟ್ಟುವ ಮುಂಚೆ ಹಾರಿಸಿದವನು ತನ್ನ ತಪ್ಪನ್ನು ಜೋರಾಗಿ ಹೇಳಬೇಕು. ಮನೆಗೆ ಹೋಗುವ ಮೊದಲು ತನ್ನ ಕೈಬರಹದಲ್ಲೇ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಇನ್ನೊಬ್ಬ ಕೆಳಗೆ ಸಹಿ ಹಾಕಬೇಕು. ಇದೆಲ್ಲ ಅವನದೇ ಯೋಚನೆ. ಇದನ್ನು ನೆನಪಿಟ್ಟುಕೊಳ್ಳಿ.

ನಾವಿಬ್ಬರೂ ಕೋಲಾರದಲ್ಲಿ ಐಟಿಐ ಓದುವಾಗ ಒಂದೇ ಬೆಂಚು. ಅವನಿಗೆ ಮಾಲೂರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಬೆಸುಗೆ ಹಾಕಲು ಕೂತರೆ ಅಷ್ಟು ದೊಡ್ಡ ಕೈಗಳು ಹೆಂಗಸರ ಕೈಯಷ್ಟು ನಾಜೂಕಾಗುತ್ತಿದ್ದವು. ನಾನು ವೇಮಗಲ್‌ನ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವವನು. ತಪ್ಪು ಹುಡುಕುವುದಕ್ಕೇ ನನಗೆ ಸಂಬಳ, ನೋಡಿ ನನ್ನ ಯೋಗ್ಯತೆ. ಡ್ರೋನನ್ನು ಅವನೇ ಬಿಡಿಬಿಡಿಯಾಗಿ ತರಿಸಿ ಜೋಡಿಸಿದ್ದ. ಅದರ ಕ್ಯಾಮೆರಾ ಕಂಡದ್ದನ್ನು ಕಣ್ಣಿಗೆ ಕಟ್ಟಿಕೊಂಡು ನೋಡುವ ಕನ್ನಡಕ ಮಾತ್ರ ನನ್ನದು.

ಭಾನುವಾರ ಬಂದರೆ ಹಾರಾಟ, ಹಾರಾಟ ಅಂದರೆ ಬೀಳುವುದು. ಮಾಲೂರಿನ ಹತ್ತಿರ ಉರಿಯುತ್ತಿದ್ದ ಇಟ್ಟಿಗೆ ಗೂಡಿನ ಮೇಲೆ ಹಾರಿಸಿದ. ಬಿಸಿಗಾಳಿ ಅದನ್ನು ಮೇಲಕ್ಕೆ ಎತ್ತಿತು. ಇವನು ವೇಗ ತಗ್ಗಿಸಿದ. ಗೂಡು ದಾಟಿದ ತಕ್ಷಣ ಆಸರೆ ತಪ್ಪಿ, ಆಗ ತಾನೇ ಹುಯ್ದಿಟ್ಟ ಹಸಿ ಇಟ್ಟಿಗೆಗಳ ಮೇಲೆ ಬಿತ್ತು. "ಗೂಡಿನ ಗಾಳಿಯನ್ನು ನಂಬಿದ್ದು ನನ್ನ ತಪ್ಪು" ಎಂದು ಬರೆದ. ಮುಳಬಾಗಿಲಿನಲ್ಲಿ ಬಂಡೆಯ ಹಿಂದಕ್ಕೆ ಕಳಿಸಿದೆ, ಸಿಗ್ನಲ್ ಕಡಿದುಹೋಯಿತು. ಬಂಡೆಯ ಆಚೆ ಏನಿದೆ ಎಂಬ ಚಪಲ ನನ್ನ ತಪ್ಪು. ಶ್ರೀನಿವಾಸಪುರದ ಟೊಮೇಟೊ ತೋಟದಲ್ಲಿ ಗಿಡ ಕಟ್ಟುವ ತಂತಿ ಕನ್ನಡಕದಲ್ಲಿ ಕಾಣುವುದೇ ಇಲ್ಲ ಅಂತ ಇಬ್ಬರೂ ಒಂದೇ ಬೆಳಿಗ್ಗೆ ಕಲಿತೆವು. ಹೋಗುವಾಗ ಗಾಳಿಗೆ ಎದುರಾಗಿ ಹೋಗು, ದಣಿದ ಬ್ಯಾಟರಿಯಲ್ಲಿ ಬರುವಾಗ ಗಾಳಿ ಬೆನ್ನಿಗಿರಲಿ. ಕನ್ನಡಕ ಹಾಕಿದವನು ಕುರುಡ, ಇನ್ನೊಬ್ಬ ಪಕ್ಕ ಬಿಟ್ಟು ಕದಲಬಾರದು. ಹೀಗೆ ಬುಕ್ಕು ತುಂಬುತ್ತಾ ಹೋಯಿತು. ನನಗೆ ಹಾರಿಸುವುದಕ್ಕಿಂತ ಆ ಬುಕ್ಕೇ ಇಷ್ಟವಾಗಿಬಿಟ್ಟಿತ್ತು. ತಪ್ಪು ಒಪ್ಪಿಕೊಳ್ಳುವ ಗಂಡಸರು ನಮ್ಮ ಕಡೆ ಎಷ್ಟು ಜನ ಸಿಗುತ್ತಾರೆ?

ಚಿಕ್ಕಮ್ಮ ಕಣವನ್ನು ಖುಷಿಯಿಂದಲೇ ಬಿಟ್ಟುಕೊಟ್ಟಿದ್ದರು. ಷರತ್ತು ಒಂದೇ, ಹುಳದ ಮನೆ ಹತ್ತಿರ ಹೋಗಬಾರದು. ರೇಷ್ಮೆ ಸಾಕುವವರಿಗೆ ಹುಳದ ಮನೆ ದೇವರ ಮನೆಗಿಂತ ಒಂದು ಕೈ ಹೆಚ್ಚು. ಕಾಲು ತೊಳೆಯದೆ ಒಳಗೆ ಹೋಗುವ ಹಾಗಿಲ್ಲ. ಹೊರಗಿನವರಂತೂ ಬಾಗಿಲಲ್ಲೇ. ಕಿಟಕಿಗಳಿಗೆಲ್ಲ ನೈಲಾನ್ ಬಲೆ, ಅದು ಊಜಿ ನೊಣಕ್ಕೆ ಹೆದರಿ. ಒಂದೇ ಒಂದು ನೊಣ ಒಳಗೆ ನುಗ್ಗಿದರೆ ನೂರಾರು ಹುಳುಗಳ ಮೈಮೇಲೆ ಮೊಟ್ಟೆ ಇಟ್ಟುಬಿಡುತ್ತದೆ. ಅದರ ಮರಿ ಹುಳುವಿನ ಒಳಗೇ ಇದ್ದು ತಿನ್ನುತ್ತದೆ. ಗೊತ್ತಾಗುವುದು ಹುಳುವಿನ ಮೈಮೇಲೆ ಕಪ್ಪು ಚುಕ್ಕೆ ಎದ್ದಾಗ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಆ ಭಾನುವಾರ ಹುಳು ನಾಲ್ಕನೇ ಜ್ವರ ಎದ್ದಿತ್ತು. ಜ್ವರ ಎಂದರೆ ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವ ಕಾಲ. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವು ಹೇಳತೀರದು. ಗೆಳೆಯ ಕನ್ನಡಕ ಕಟ್ಟಿಕೊಂಡು ಹಾರಿಸುತ್ತಿದ್ದ. ಚಿಕ್ಕಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಲು ನನ್ನನ್ನು ಕೂಗಿದರು. "ನೀನ್ ಹೋಗೋ, ನಾನು ಕಣದ ಮೇಲೇ ಹಾರಿಸ್ತಿರ್ತೀನಿ" ಅಂದ ಅವನು. ಹೋದೆ. ಪಕ್ಕ ಬಿಟ್ಟು ಕದಲಬಾರದು ಅಂತ ಬುಕ್ಕಿನಲ್ಲಿ ನಾನೇ ಬರೆದಿದ್ದೆ, ಆದರೂ ಹೋದೆ.

ಎರಡು ಹೊರೆ ಇಳಿಸಿ ಬರುವಷ್ಟರಲ್ಲಿ ಅವನು ಡ್ರೋನ್ ಕೈಯಲ್ಲಿ ಹಿಡಿದು ಹುಳದ ಮನೆಯ ಕಡೆಯಿಂದ ನಡೆದು ಬರುತ್ತಿದ್ದ. ಒಂದು ರೆಕ್ಕೆ ಮುರಿದಿತ್ತು.

"ಸೊಪ್ಪಿನ ತೋಟದಲ್ಲಿ ಬಿತ್ತು ಕಣೋ. ಗಾಳಿ ತಳ್ತು."

"ತಪ್ಪು ಹೇಳ್ದೆ ಎತ್ಬಿಟ್ಟೆಯಲ್ಲೋ?"

"ಕೇಳೋಕೆ ನೀನೆಲ್ಲಿದ್ದೆ? ಗಿಡಕ್ಕೆ ಹೇಳಿ ಬಂದೆ" ಎಂದು ನಕ್ಕ. ನಾನೂ ನಕ್ಕೆ. ಬುಕ್ಕಿನಲ್ಲಿ ಬರೆದ, ಸಹಿ ಹಾಕಿದೆ.

ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಏನೋ ಬಿದ್ದಂಗೆ ಸದ್ದಾಯ್ತಲ್ಲ. ಬಲೆಗೇನೂ ತಗುಲ್ಲಿಲ್ಲ ತಾನೇ?" ಕೇಳಿದ್ದು ನನ್ನನ್ನು, ಅವನನ್ನಲ್ಲ.

"ಇಲ್ಲ ಚಿಕ್ಕಮ್ಮ. ತೋಟದಲ್ಲಿ ಬಿದ್ದಿದ್ದು" ಅಂದೆ. ನೋಡದೇ ಇದ್ದದ್ದನ್ನು ನೋಡಿದವನ ಹಾಗೆ ಹೇಳಿದೆ. ಅವರು ಮತ್ತೆ ಸೊಪ್ಪು ಹಾಕಲು ಹೋದರು.

ಗುರುವಾರ ಕಪ್ಪು ಚುಕ್ಕೆ ಕಂಡಿತು. ಚಿಕ್ಕಮ್ಮ ಫೋನ್ ಮಾಡಿ ಹೇಳಿದರು. ಹಣ್ಣಾಗಿ ಗೂಡು ಕಟ್ಟಬೇಕಾದ ಹುಳುಗಳನ್ನು ಬುಟ್ಟಿಗಟ್ಟಲೆ ಆರಿಸಿ ಸುಟ್ಟರು. ಕಟ್ಟಿದ ಗೂಡುಗಳಲ್ಲೂ ಅರ್ಧಕ್ಕರ್ಧ ತೂತು ಬಿದ್ದವು, ನೂಲು ಬಿಚ್ಚಲು ಬಾರದ ಗೂಡುಗಳು. ಬಲೆಯ ಕಿಟಕಿಗಳನ್ನೆಲ್ಲ ನೋಡಿದರಂತೆ, ಏನೂ ಕಾಣಲಿಲ್ಲ. ಕೊನೆಗೆ ಸೊಸೆಯ ಮೇಲೆ ಬಂತು. ಮಗುವನ್ನು ಎತ್ತಿಕೊಂಡು ಒಳಗೆ ಹೊರಗೆ ಓಡಾಡುವಾಗ ಬಾಗಿಲು ತೆರೆದೇ ಬಿಟ್ಟಿದ್ದಾಳೆ ಅಂತ. ಆ ಹುಡುಗಿ ಇಲ್ಲ ಅಂದಷ್ಟೂ ಚಿಕ್ಕಮ್ಮನ ಬಾಯಿ ಜೋರಾಯಿತು. ಚಿಕ್ಕಮ್ಮನ ತವರು ಶ್ರೀನಿವಾಸಪುರದ ಆಚೆ, ಕೋಪ ಬಂದರೆ ಬೈಗುಳ ತೆಲುಗಿಗೆ ತಿರುಗುತ್ತದೆ. ಆ ವಾರವೆಲ್ಲ ಸೊಸೆ ತೆಲುಗನ್ನೇ ಕೇಳಿದಳು.

ನಾನು ಗೆಳೆಯನಿಗೆ ಇದೆಲ್ಲ ಹೇಳಿದಾಗ, "ಅಯ್ಯೋ ಪಾಪ" ಅಂದ.

ಡ್ರೋನಿನ ಕ್ಯಾಮೆರಾದ ಮೆಮೊರಿ ಕಾರ್ಡ್ ಆ ದಿನ ಒಡೆದುಹೋಯಿತು ಅಂತ ಅವನು ಹೇಳಿದ್ದ. ಕನ್ನಡಕವೂ ತನ್ನ ಪಾಡಿಗೆ ತಾನು ಒಂದು ಪ್ರತಿ ಇಟ್ಟುಕೊಳ್ಳುತ್ತದೆ ಅನ್ನುವುದನ್ನು ಮರೆತಿದ್ದ. ಒಂದು ರಜೆಯ ಮಧ್ಯಾಹ್ನ ಹಳೆಯದನ್ನೆಲ್ಲ ಅಳಿಸಿ ಜಾಗ ಮಾಡೋಣವೆಂದು ಕನ್ನಡಕ ಕಟ್ಟಿಕೊಂಡು ಕೂತೆ.

ಕಣ ಕಂಡಿತು, ಹೊರೆ ಹೊತ್ತ ನನ್ನ ಬೆನ್ನು ಕಂಡಿತು. ನಾನು ಮರೆಯಾದದ್ದೇ ತಡ, ಡ್ರೋನು ನೇರ ಹುಳದ ಮನೆಯ ಕಡೆ ತಿರುಗಿತು. ಸೂರಿಗೂ ಪಕ್ಕದ ತೆಂಗಿನ ಮರಕ್ಕೂ ನಡುವಿನ ಸಂದಿಯಲ್ಲಿ ನುಗ್ಗಿಸುವ ಆಸೆ. ಸಂದಿ ದಾಟಿತು, ತಿರುವು ತಪ್ಪಿತು, ಹಿಂಬದಿಯ ಎತ್ತರದ ಕಿಟಕಿಗೆ ಹೊಡೆಯಿತು. ಆಮೇಲೆ ಕಂಡದ್ದು ಒಳಗಿನ ಹಸಿರು ಸೊಪ್ಪು, ಅದರ ಮೇಲೆ ಬೆಳ್ಳಗೆ ಮೇಯುತ್ತಿದ್ದ ಹುಳುಗಳು. ಡ್ರೋನಿನ ಮೂತಿ ಬಲೆ ಹರಿದು ಒಳಗೇ ಹೋಗಿತ್ತು. ಸ್ವಲ್ಪ ಹೊತ್ತಿಗೆ ಅದನ್ನು ಹೊರಕ್ಕೆ ಎಳೆದ. ಕಿಟಕಿಯ ಕೆಳಗೆ ಹಳೆಯ ಚಂದ್ರಿಕೆಗಳನ್ನು, ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟೆಗಳನ್ನು, ಒಟ್ಟಿದ್ದರು. ಅದರ ಮೇಲೆ ಹತ್ತಿ ನಿಂತಿದ್ದ. ಡ್ರೋನನ್ನು ಕಿಟಕಿಯ ಕಟ್ಟೆಯ ಮೇಲೆ ತನ್ನ ಕಡೆ ಮೂತಿಯಾಗಿ ಇಟ್ಟು, ಹರಿದ ಬಲೆಯ ಎರಡು ಅಂಚುಗಳನ್ನು ಬೆರಳಲ್ಲಿ ಒತ್ತಿ ಒತ್ತಿ ಕೂಡಿಸಿದ. ಬೆಸುಗೆ ಹಾಕುವ ಅದೇ ನಾಜೂಕು ಬೆರಳುಗಳು. ಆ ಕಡೆ ಈ ಕಡೆ ನೋಡಿದ, ಬ್ಯಾಟರಿ ಕಿತ್ತ. ನನ್ನ ಕಣ್ಣ ಮುಂದೆ ಕತ್ತಲಾಯಿತು.

ಮಾಲೂರಿಗೆ ಹೋದೆ. ಅಂಗಡಿಯಲ್ಲಿ ಒಬ್ಬನೇ ಇದ್ದ, ಆ ದಿನದ ಚಿತ್ರ ಹಾಕಿ ಕನ್ನಡಕ ಕೊಟ್ಟೆ. ನೋಡಿದ. ಬಿಚ್ಚಿ ಮೇಜಿನ ಮೇಲಿಟ್ಟ.

"ಒಂದು ತೂತು ಕಣೋ. ಅಂಗೈ ಅಗಲಾನೂ ಇರ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ ಚಿಕ್ಕಮ್ಮ ಆಮೇಲೆ ಆ ಕಣದಲ್ಲಿ ಹಾರ್ಸೋಕೆ ಬಿಡ್ತಿದ್ರಾ? ನಿಂಗೆ ಹೇಳಿದ್ರೆ ಅವ್ರಿಗೆ ಹೇಳ್ದಂಗೇ. ನಿನ್ ಬಾಯಲ್ಲಿ ನಿಲ್ಲುತ್ತೇನೋ?"

ನನ್ನ ಪ್ರಾಮಾಣಿಕತೆಯೇ ನನ್ನ ಕುಂದು ಎನ್ನುವ ಹಾಗೆ ಹೇಳಿದ. ಹೊಡೆಯಬೇಕು ಅನ್ನಿಸಿತು, ಹೊಡೆಯಲಿಲ್ಲ. ತಪ್ಪು ಹೇಳು, ಈಗಲಾದರೂ ಹೇಳು ಅಂದೆ. ಸುಟ್ಟ ಮೋಟಾರೊಂದನ್ನು ಎಳೆದುಕೊಂಡು ತಂತಿ ಬಿಚ್ಚತೊಡಗಿದ. ಅದೇ ಕೊನೆ, ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಿಲ್ಲ.

ಸುಗಟೂರಿಗೆ ಮಾರನೆಯ ದಿನವೇ ಹೋದೆ. ಕೊಟ್ಟ ಕಾಫಿ ಮುಟ್ಟುವ ಮುಂಚೆ ಎಲ್ಲ ಹೇಳಿದೆ. ಚಿಕ್ಕಮ್ಮ ಎದ್ದು ಹುಳದ ಮನೆಯ ಹಿಂದಕ್ಕೆ ಹೋದರು. ಚಂದ್ರಿಕೆಯ ಒಟ್ಟಲಿನ ಮೇಲೆ ಹತ್ತಿ ನಾನೇ ತೋರಿಸಿದೆ, ಬೆರಳು ತಾಗಿದ ಕೂಡಲೇ ಬಲೆ ಬಾಯಿ ಬಿಟ್ಟಿತು. ನಾನು ತೆಲುಗಿಗಾಗಿ ಕಾಯುತ್ತಾ ನಿಂತೆ. ಬರಲಿಲ್ಲ. ಅವರು ಸೊಸೆಯನ್ನು ಕರೆದರು.

"ನಿನ್ ತಪ್ಪಲ್ಲ ಕಣಮ್ಮ. ನಾನು ಸುಮ್ಸುಮ್ನೆ ಅಂದೆ" ಅಂದರು. ಅವಳು ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡು ಒಳಗೆ ಹೋದಳು. ಆಮೇಲೆ ನನ್ನ ಕಡೆ ತಿರುಗಿದರು.

"ಅವತ್ತೇ ಗೊತ್ತಾಗಿದ್ರೆ ಸೂಜಿ ದಾರ ಸಾಕಾಗಿತ್ತು."

"ಅವನು ನನಗೂ ಮೋಸ ಮಾಡಿದ ಚಿಕ್ಕಮ್ಮ."

"ಅವನು ಯಾರ ಮಗನೋ ಏನೋ, ನಂಗೆ ಬೇಡ" ಎಂದರು ಚಿಕ್ಕಮ್ಮ, ದನಿ ಏರಿಸದೆ. "ನಾನು ಅವನ್ನ ಕೇಳ್ಲಿಲ್ಲ. ನಿನ್ನ ಕೇಳ್ದೆ."

ಬುಕ್ಕು ಈಗಲೂ ನನ್ನ ಹತ್ತಿರ ಇದೆ. ಕೊನೆಯ ಪುಟದಲ್ಲಿ ಅವನ ದುಂಡು ಅಕ್ಷರ: "ಸೊಪ್ಪಿನ ತೋಟದಲ್ಲಿ ಬಿತ್ತು. ಗಾಳಿ." ಹರಿದು ಹಾಕೋಣ ಎಂದು ಎಷ್ಟೋ ಸಲ ತೆಗೆದಿದ್ದೇನೆ. ಅದರ ಕೆಳಗೆ ನನ್ನ ಸಹಿ ಇದೆ.