ಬಳುಕುವ ಚಾಕು

ನಮ್ಮ ಅಡುಗೆಮನೆಯಲ್ಲಿ ದೋಸೆ ಮಗುಚುವ ಕೈಯೂ ಗೋಡೆಯ ಕುಳಿ ತುಂಬುವ ಪುಟ್ಟಿ ಚಾಕುವೂ ಒಂದೇ ಮೊಳೆಗೆ ನೇತುಬಿದ್ದಿವೆ. ಕುಲಗೋತ್ರ ಬೇರೆಯಾದರೂ ರೂಪಸಾಮ್ಯ ಎಷ್ಟಿದೆಯೆಂದರೆ, ಬಂದ ನೆಂಟರು ಒಂದರ ಬದಲು ಇನ್ನೊಂದನ್ನು ಎತ್ತಿಕೊಂಡು ಕಾವಲಿಯ ಮುಂದೆ ಪೇಚಾಡುವುದುಂಟು. ಈ ಸಹವಾಸ ಹೇಗೆ ಒದಗಿತೆಂದು ನೀವು ಕೇಳಿಯೇ ಕೇಳುತ್ತೀರಿ.

ಸಾವಿನ ಮನೆಗೆ ವರ್ಷ ತುಂಬುವ ತನಕ ಹಬ್ಬವಿಲ್ಲ. ಹಬ್ಬವಿಲ್ಲದ ಮನೆಗೆ ಸುಣ್ಣವೂ ಇಲ್ಲ. ನನ್ನ ಹೆಂಡತಿ ಜಯಮ್ಮ ತೀರಿಕೊಂಡು ವರ್ಷ ಕಳೆದ ಮೇಲೆ, ಕುಂಬಾರಕೊಪ್ಪಲಿನ ನಮ್ಮ ಪುಟ್ಟ ಮನೆಗೆ ದಸರೆಗೆ ಸುಣ್ಣ ಬಳಿಯುವುದೆಂದು ಅವ್ವ ತೀರ್ಮಾನಿಸಿದಳು. ತೊಡಕೆಲ್ಲ ನಡುಮನೆಯ ಕಿಟಕಿಯ ಪಕ್ಕದ ಒಂದು ಎಣ್ಣೆಕಲೆಯದು. ಕಾಯಿಲೆಯ ಕೊನೆಯ ತಿಂಗಳುಗಳಲ್ಲಿ ಜಯಮ್ಮ ಹಗಲೆಲ್ಲ ಅಲ್ಲಿಯೇ ಗೋಡೆಗೆ ತಲೆಯಾನಿಸಿ ಕೂತಿರುತ್ತಿದ್ದಳು. ತಲೆಯ ಹರಳೆಣ್ಣೆ ಗಾರೆಯೊಳಗೆ ಇಳಿದು, ತಲೆಯಷ್ಟಗಲದ ಕಂದು ಗುರುತು ಉಳಿದಿತ್ತು. ಫೋಟೋ ತೆಗೆಸುವ ಯೋಗ ನಮಗೆ ಬಂದಿರಲಿಲ್ಲ. ಅವಳದೆಂದು ಕಣ್ಣಿಗೆ ಕಾಣುವಂತೆ ಉಳಿದದ್ದು ಅದೊಂದೇ. ಎಣ್ಣೆಯ ಮೇಲೆ ಸುಣ್ಣ ನಿಲ್ಲದು, ಕೆರೆದು ಹೊಸದಾಗಿ ತುಂಬಬೇಕೆಂದು ಅವ್ವನ ಅಪ್ಪಣೆಯಾಯಿತು. ಅತ್ತೆ ಸೊಸೆಯರದು ಎಣ್ಣೆ ಸೀಗೆಕಾಯಿ ಸಂಬಂಧ. ಸತ್ತ ಮೇಲೂ ಹಗೆ ಬಿಡಲಿಲ್ಲವಲ್ಲ ಎಂದು ನನ್ನ ಹೊಟ್ಟೆ ಉರಿದುಹೋಯಿತು.

ಹೈಸ್ಕೂಲು ಮೇಷ್ಟ್ರಾಗಿ ಸಂಧಿಸಮಾಸಗಳನ್ನು ಬಿಡಿಸುವುದರಲ್ಲಿ ಹೆಸರಾದ ನನಗೆ ಮೊಳೆಯೊಂದನ್ನು ನೆಟ್ಟಗೆ ಹೊಡೆಯಲು ಬಾರದು. ಸಂತೆಪೇಟೆಯ ಅಂಗಡಿಯವರು ಬಗೆಬಗೆಯ ಚಾಕುಗಳನ್ನು ಹರವಿ, ಗಡಸು ಅಲಗು ಕೆರೆಯುವುದಕ್ಕೆ, ಬಳುಕುವ ಅಲಗು ತುಂಬಿ ನುಣುಪು ಮಾಡುವುದಕ್ಕೆ, ಎರಡೂ ಬೇಕಾಗುತ್ತವೆ ಎಂದರು. ನಾನು ನುರಿತ ಗಿರಾಕಿಯ ಗಾಂಭೀರ್ಯದಿಂದ ಹೆಬ್ಬೆರಳಲ್ಲಿ ಒತ್ತಿ, ಹಿಡಿ ಸಡಿಲವಿದೆಯೇ ಎಂದು ಕಿವಿಯ ಬಳಿ ಅಲ್ಲಾಡಿಸಿ, ಕಡೆಗೆ ವೀಳ್ಯದೆಲೆಯ ಹಾಗೆ ಬಳುಕುವುದೊಂದನ್ನೇ ಕೊಂಡು ಬಂದೆ. ಮರೆವಲ್ಲ ಸ್ವಾಮಿ, ಕೆರೆಯಲಾಗದ ಚಾಕು ಮನೆಗೆ ಬಂದರೆ ಕೆರೆಯುವ ಕೆಲಸವೇ ತಪ್ಪೀತೆಂಬ ದೂರಾಲೋಚನೆ.

ಅವ್ವ ಅದನ್ನು ಒಮ್ಮೆ ಬಗ್ಗಿಸಿ ನೋಡಿ ಪಕ್ಕಕ್ಕಿಟ್ಟಳು. ಒಳಗಿನಿಂದ ದೋಸೆ ಮಗುಚುವ ಕೈ ತಂದು, ಸೆರಗು ಸಿಕ್ಕಿಸಿ, ತಾನೇ ಕೆರೆಯತೊಡಗಿದಳು. ಕಂದು ಗಾರೆ ಉದುರುವುದನ್ನು ನೋಡುತ್ತ ನಿಂತಿದ್ದ ನಾನು, ಅವಳು ಮುಗಿಸಿದ ಮೇಲೆ ಹೊಸ ಗಾರೆ ಕಲಸಿ ಕುಳಿಯನ್ನು ತುಂಬಿದೆ. ಚಾಕುವನ್ನು ಹೆಚ್ಚು ಒತ್ತಿದರೆ ಗೆರೆ ಬೀಳುತ್ತದೆ, ಹಗುರ ಬಿಟ್ಟರೆ ಉಬ್ಬು ನಿಲ್ಲುತ್ತದೆ. ಓರೆಯಾಗಿ ಹಿಡಿದು ಒಂದೇ ಸಮನೆ ಎಳೆಯಬೇಕು. ಈ ವಿದ್ಯೆಯನ್ನು ನಾನು ಅಳುತ್ತ ಕಲಿತೆ. ಸುಣ್ಣವಾದ ಮೇಲೆ ಗೋಡೆ ಅಚ್ಚಬಿಳುಪಾಯಿತು. ಅದನ್ನು ಕಂಡಾಗಲೆಲ್ಲ ಜಯಮ್ಮ ಮತ್ತೊಮ್ಮೆ ಸತ್ತಂತಾಗುತ್ತಿತ್ತು. ಅವ್ವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದೆ.

ಮುಂದಿನ ದಸರೆಯ ಹೊತ್ತಿಗೆ ನೋಡಿದರೆ ಅದೇ ಜಾಗದಲ್ಲಿ, ಗೇಣು ಕೆಳಗೆ, ಇನ್ನೊಂದು ಕಲೆ ಮೂಡಿತ್ತು. ನನಗೆ ಅರ್ಥವಾಗಲಿಲ್ಲ. ಒಂದು ದಿನ ಸ್ಕೂಲು ಬೇಗ ಬಿಟ್ಟು ಮನೆಗೆ ಬಂದಾಗ ಅವ್ವ ಅಲ್ಲಿ ಗೋಡೆಗೆ ತಲೆಯಾನಿಸಿ ಕೂತಿದ್ದಳು. ನನ್ನನ್ನು ಕಂಡು ಏಳಲು ಹೋದವಳು ಏಳಲಿಲ್ಲ.

"ಅವಳ ತಲೆಗೆ ದಿನಾ ಎಣ್ಣೆ ಹಚ್ತಿದ್ದೋಳು ನಾನೇ ಕಣೋ," ಅಂದಳು. "ನೀನು ಸ್ಕೂಲಿಗೋದ್ಮೇಲೆ ಇಲ್ಲೇ ಕೂರಿಸ್ಕೊಂಡು ಹಚ್ತಿದ್ದೆ. ಆ ಗುರುತು ನೋಡೋಕಾಗ್ದೆ ಕೆರೆದ್ಬುಟ್ಟೆ. ಈಗ ಅದಿಲ್ದೆ ಇರೋಕೂ ಆಗ್ತಿಲ್ಲ."

ನಾನೂ ಅವಳ ಪಕ್ಕ ಗೋಡೆಗೊರಗಿ ಕೂತೆ. ಆ ದಸರೆಗೆ ಅಷ್ಟು ಜಾಗ ಬಿಟ್ಟು ಸುಣ್ಣ ಬಳಿದೆವು. ಕೆಲಸ ಮುಗಿದ ಮೇಲೆ ನನ್ನ ಚಾಕುವನ್ನು ತೊಳೆದು, ಅಡುಗೆಮನೆಯಲ್ಲಿ ದೋಸೆ ಕೈ ತೂಗುವ ಮೊಳೆಗೆ ಸಿಕ್ಕಿಸಿದವಳು ಅವ್ವನೇ.

ನಡುಮನೆಯಲ್ಲಿ ಕೂತ ನೆಂಟರು ಕಲೆಯನ್ನು ನೋಡಿ, ಕೆರೆಯಲು ಗಟ್ಟಿ ಚಾಕು ಇಲ್ಲವೇ ಎಂದು ಕೇಳುವುದುಂಟು. ಇಲ್ಲ, ನಮ್ಮಲ್ಲಿರುವುದು ಬಳುಕುವುದೊಂದೇ ಎನ್ನುತ್ತೇನೆ. ಮೊಳೆಯ ಮೇಲಿನ ಇನ್ನೊಂದರಲ್ಲಿ ಅವ್ವ ದೋಸೆ ಮಾತ್ರ ಮಗುಚುತ್ತಾಳೆ.