ಇಂದುಮತಿ ಆಂಟಿಯ ಮೂಗು

ಇಂದುಮತಿ ಆಂಟಿ ಯಾರ ಮನೆಗೆ ಹೋದರೂ ಬಾಗಿಲು ತೆರೆದ ಕೂಡಲೇ ಒಳಗೆ ಬರುತ್ತಿರಲಿಲ್ಲ. ಹೊಸ್ತಿಲಲ್ಲೇ ನಿಂತು ಉದ್ದಕ್ಕೆ ಒಂದು ಸಲ ಉಸಿರೆಳೆದುಕೊಳ್ಳುತ್ತಿದ್ದರು. ಆಮೇಲೆ "ಆರಾಮ ಅದೀರಿ?" ಎಂಬ ಪ್ರಶ್ನೆ. ಅಷ್ಟು ಹೊತ್ತಿಗೆ ಉತ್ತರ ಅರ್ಧ ಅವರಿಗೆ ಗೊತ್ತಾಗಿರುತ್ತಿತ್ತು. ಬೆಳಿಗ್ಗೆ ಯಾವ ಒಗ್ಗರಣೆ ಹಾಕಿದೆವು, ಹಾಲು ಉಕ್ಕಿತೋ ಇಲ್ಲವೋ, ಫ್ರಿಜ್ಜಿನಲ್ಲಿರುವ ಕೊತ್ತಂಬರಿ ಯಾವ ವಾರದ್ದು, ಎಲ್ಲ. ಇಂಥ ನೆರೆಯವರು ಕೆಲವರಿಗೆ ಇಷ್ಟವಾಗಬಹುದು. ನನಗೆ ಮೊದಮೊದಲು ಕಷ್ಟವೇ ಆಯಿತು.

ಗೈದರ್ಸ್‌ಬರ್ಗಿನಲ್ಲಿ ನಮ್ಮ ಟೌನ್‌ಹೌಸಿಗೂ ಅವರದಕ್ಕೂ ಒಂದೇ ಗೋಡೆ. ಗದಗಿನ ಕಡೆಯವರು. ಬ್ರೆಡ್ಡು ಮಾಡುವ ಕಂಪನಿಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಗೋಧಿ ಹಿಟ್ಟು ಪರೀಕ್ಷೆ ಮಾಡಿ ನಿವೃತ್ತರಾಗಿದ್ದರು. ಚೂಡಿದಾರ, ಕಾಲಿಗೆ ಸ್ನೀಕರ್ಸ್, ತುರುಬಿಗೆ ಚುಚ್ಚಿದ ಪೆನ್ಸಿಲ್. ಯಂತ್ರ ಪಾಸು ಮಾಡಿದ ಹಿಟ್ಟನ್ನು ಅವರು ಮೂಸಿ ವಾಪಸು ಕಳಿಸಿದ ಕತೆಗಳನ್ನು ಅವರ ಗಂಡ ಪಾಂಡುರಂಗ ಅಂಕಲ್ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅಂಕಲ್ ಸೇತುವೆಗಳನ್ನು ಕಟ್ಟಿಸಿದ ಎಂಜಿನಿಯರ್. ಅವುಗಳಲ್ಲಿ ಒಂದರ ಬಗ್ಗೆಯೂ ಅವರು ಬಾಯಿ ಬಿಟ್ಟದ್ದು ನಾನು ಕೇಳಿಲ್ಲ. "ನಮ್ಮ ಮನ್ಯಾಗ ಹೇಳಿಕೊಳ್ಳೂವಂಥಾದ್ದು ಒಂದ ಅದ, ಅಕಿ ಮೂಗು," ಎನ್ನುತ್ತಿದ್ದರು.

ನಮ್ಮ ಗೃಹಪ್ರವೇಶಕ್ಕೆ ಬಂದ ದಿನವೂ ಆಂಟಿ ಹೊಸ್ತಿಲಲ್ಲಿ ನಿಂತರು. ಒಳಗೆ ಹೋಮದ ಹೊಗೆ, ತುಪ್ಪ, ಮೂವತ್ತು ಜನರ ಊಟ. ಅಷ್ಟರ ನಡುವೆ ಅವರು ನನ್ನ ಕಿವಿಯ ಹತ್ತಿರ ಬಂದು, "ತಮ್ಮಾ, ಗ್ವಾಡಿ ಹಿಂದ ಎಲ್ಲೋ ನೀರು ಸೋರಲಿಕತ್ತದ," ಎಂದರು. ಮನೆ ಕೊಳ್ಳುವ ಮೊದಲು ಇನ್‌ಸ್ಪೆಕ್ಷನ್ ಮಾಡಿಸಿದ್ದೆವು, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟಿದ್ದರು. ಶುಭಕಾರ್ಯದ ಹೊತ್ತಿನಲ್ಲಿ ಇದೇನು ಅಪಶಕುನ ಎಂದು ನನಗೆ ಸಿಟ್ಟು ಬಂತು. ಎರಡು ವಾರದ ಮೇಲೆ ಪ್ಲಂಬರ್ ವಾಷಿಂಗ್ ಮೆಷಿನ್ನಿನ ಹಿಂದಿನ ಗೋಡೆ ಒಡೆದಾಗ ಒಳಗಿನ ಮರ ಅಂಗೈಯಷ್ಟಗಲ ಕಪ್ಪಾಗಿತ್ತು. ಅಂದಿನಿಂದ ಆ ಮೂಗಿಗೆ ನಾನೂ ಶರಣು.

ಆ ಮೂಗು 2020ರ ಡಿಸೆಂಬರಿನಲ್ಲಿ ಹೋಯಿತು. ಕೋವಿಡ್ ಬಂತು, ಐದು ದಿನ ಜ್ವರ, ಜ್ವರ ಬಿಟ್ಟಾಗ ವಾಸನೆ ಇರಲಿಲ್ಲ. ಆಂಟಿ ಅದನ್ನು ಡಾಕ್ಟರಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ, ಅಂಕಲ್‌ಗೂ ಹೇಳಲಿಲ್ಲ. ಅಂಕಲ್ ವಾಕಿಂಗ್ ಹೋದಾಗ ನಿಂಬೆಸಿಪ್ಪೆ, ಕಾಫಿಪುಡಿ, ಕರ್ಪೂರ ಮುಂದಿಟ್ಟುಕೊಂಡು ಡಾಕ್ಟರ್ ಹೇಳಿದಂತೆ ಒಂದೊಂದಾಗಿ ಮೂಸುತ್ತಿದ್ದರಂತೆ. ಇದು ನನಗೆ ತಿಳಿದದ್ದು ಮರುವರ್ಷದ ವಸಂತದಲ್ಲಿ, ನನ್ನ ಮೊದಲ ಬಿಯರಿನ ದೆಸೆಯಿಂದ.

ಎಲ್ಲರೂ ಮನೆಯಲ್ಲಿ ಕೂತು ಏನಾದರೊಂದು ಕಲಿಯುತ್ತಿದ್ದ ಕಾಲ. ನಾನು ಬಿಯರ್ ಮಾಡುವ ಕಿಟ್ ತರಿಸಿದೆ. ಒಂದು ಗ್ಯಾಲನ್ನಿನ ಗಾಜಿನ ಬುರುಡೆ, ಯೀಸ್ಟ್, ಒಂದು ಚೀಲದಲ್ಲಿ ಮೊಳಕೆ ಬರಿಸಿ ಒಣಗಿಸಿ ನುಚ್ಚಾಗಿ ಒಡೆದ ಗೋಧಿ ಮತ್ತು ಬಾರ್ಲಿ. ನುಚ್ಚನ್ನು ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಅದರ ಸಿಹಿಯೆಲ್ಲ ನೀರಿಗಿಳಿಯುತ್ತದೆ, ಸೋಸಿ ಕುದಿಸಿ ಆರಿಸಿ ಯೀಸ್ಟ್ ಹಾಕಿದರೆ ಆಯಿತು. ಎಷ್ಟು ಸಿಹಿ ಇಳಿದಿದೆ ಎಂದು ನೋಡಲು ಒಂದು ಗಾಜಿನ ಕಡ್ಡಿ ಕೊಟ್ಟಿದ್ದರು. ರಸದಲ್ಲಿ ತೇಲಿಬಿಟ್ಟಾಗ ಅದು ಐವತ್ತರ ಹತ್ತಿರ ನಿಲ್ಲಬೇಕಿತ್ತು. ನನ್ನದು ಇಪ್ಪತ್ತೆಂಟಕ್ಕೆ ನಿಂತಿತು. ಆದದ್ದಾಗಲಿ ಎಂದು ಮುಂದುವರಿದೆ. ಮೂರು ವಾರ ಕಾದು ಕುಡಿದರೆ ಬಿಯರ್ ಅನ್ನುವುದಕ್ಕೆ ಅದರಲ್ಲಿ ನೊರೆಯೊಂದೇ ಇತ್ತು. ನನ್ನ ಹೆಂಡತಿ ಸ್ಮಿತಾ ಒಂದು ಗುಟುಕು ಕುಡಿದು, "ಜ್ವರ ಬಂದವರಿಗೆ ಕೊಡಬಹುದು ಕಣೋ, ಒಳ್ಳೇ ಬಾರ್ಲಿ ನೀರು," ಎಂದಳು.

ಒಂದು ಗ್ಲಾಸು ಹಿಡಿದು ಮನೆ ಹಿಂದಿನ ಮರದ ಡೆಕ್ಕಿನಿಂದ ಆಂಟಿಯನ್ನು ಕರೆದೆ. ಅವರು ಜನ್ಮದಲ್ಲಿ ಮದ್ಯ ಮುಟ್ಟಿದವರಲ್ಲ. ಬೈಯಬಹುದು ಎಂದುಕೊಂಡಿದ್ದೆ. ಅವರು ಗ್ಲಾಸು ತೆಗೆದುಕೊಂಡು ಬೆಳಕಿಗೆ ಹಿಡಿದು, "ಕುಡಿಯೂದು ನಿನ್ನ ಪಾಪ. ಗೋಧಿ ಕೆಟ್ಟರ ಅದು ನನ್ನ ಪಾಪ," ಎಂದರು. ಆಮೇಲೆ ಮೂಗಿನ ಹತ್ತಿರ ಒಯ್ದರು. ಬಹಳ ಹೊತ್ತು ಹಾಗೇ ಇಟ್ಟುಕೊಂಡರು.

"ಏನನ್ಸುತ್ತೆ ಆಂಟಿ?"

"ಮೂಗಿನ ಮಾತು ಆಮ್ಯಾಲೆ. ಏನೇನು ಮಾಡಿದಿ, ಮೊದಲಿಂದ ಹೇಳು."

ಇದೂ ಲ್ಯಾಬಿನ ಪದ್ಧತಿಯೇ ಇರಬೇಕು ಎಂದುಕೊಂಡೆ. ತುರುಬಿನ ಪೆನ್ಸಿಲ್ ಕೈಗೆ ಬಂತು. ನಾನು ಹೇಳಿದೆ, ಅವರು ಬರೆದುಕೊಂಡರು. ಮರುದಿನ ನನ್ನ ಥರ್ಮಾಮೀಟರನ್ನು ಐಸ್ ನೀರಿನಲ್ಲಿ ಅದ್ದಿ ನೋಡಿದರು. ಸೊನ್ನೆ ತೋರಿಸಿತು. ಗಾಜಿನ ಕಡ್ಡಿಯನ್ನು ಬರಿ ನೀರಿನಲ್ಲಿ ತೇಲಿಬಿಟ್ಟರು. ಅದೂ ಸುಳ್ಳು ಹೇಳುತ್ತಿರಲಿಲ್ಲ. ಚೀಲದಲ್ಲಿ ಉಳಿದಿದ್ದ ಚೂರು ನುಚ್ಚನ್ನು ಅಂಗೈಯಲ್ಲಿ ಹರಡಿ ಒಂದೊಂದೇ ಕಾಳು ನೋಡಿದರು. ಒಡೆಯದ ಕಾಳು ಇರಲಿಲ್ಲ. ನೀರು ಹೆಚ್ಚು ಸುರಿದಿರಬೇಕು ಎಂದರು. ನಾನು ಅಳತೆ ಪಾತ್ರೆಯನ್ನೇ ತಂದು ತೋರಿಸಿದೆ. ಯೀಸ್ಟಿನ ಮೇಲೆ ನಾನು ಗೂಬೆ ಕೂರಿಸಲು ಹೋದಾಗ ಮಾತ್ರ ರೇಗಿದರು. "ಯೀಸ್ಟ್ ಬರೂಕಿಂತ ಮೊದಲ ಇಪ್ಪತ್ತೆಂಟು ಇತ್ತಲ್ಲೋ! ಹುಟ್ಟೇ ಇಲ್ಲದವನ ಮ್ಯಾಲೆ ಕೇಸ್ ಹಾಕ್ತೀ ಏನು?"

ಒಂದು ವಾರ ಕಳೆಯಿತು. ಕೊನೆಗೆ, "ನೀ ಏನೋ ಹೇಳಲಿಕ್ಕೆ ಬಿಟ್ಟೀದಿ. ಇನ್ನೊಮ್ಮೆ ಮಾಡು, ನನ್ನ ಎದುರಿಗೆ," ಎಂದು ಅಪ್ಪಣೆಯಾಯಿತು.

ಹೊಸ ನುಚ್ಚು ಬಂತು. ಶುಕ್ರವಾರ ಮಧ್ಯಾಹ್ನ ಆಂಟಿ ಮಾಸ್ಕ್ ಕಟ್ಟಿಕೊಂಡು ನಮ್ಮ ಅಡಿಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ನಾನು ನುಚ್ಚನ್ನು ಪಾತ್ರೆಗೆ ಸುರಿದೆ, ಸಿಂಕಿಗೆ ಒಯ್ದೆ, ನಲ್ಲಿ ಬಿಟ್ಟೆ, ಕೈ ಹಾಕಿ ಕಿವುಚಿದೆ, ಬೆಳ್ಳಗೆ ಬಂದ ನೀರನ್ನು ಬಗ್ಗಿಸಿದೆ.

"ಏ! ಏ! ಏನ ಮಾಡ್ಲಿಕತ್ತೀ?"

"ತೊಳೀತಿದೀನಿ ಆಂಟಿ."

"ಎಷ್ಟು ಸಲ ತೊಳೀತಿ?"

"ಮೂರು ಸಲ. ನೀರು ತಿಳಿಯಾಗೋವರೆಗೂ."

ಆಂಟಿ ಮಾಸ್ಕ್ ಕೆಳಗಿಳಿಸಿ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಅಯ್ಯೋ ನಮ್ಮಪ್ಪಾ, ಅದು ಅಕ್ಕಿ ಅಲ್ಲೋ! ಒಡದ ಗೋಧಿ. ಆ ಬಿಳೇ ನೀರಾಗ ಹೋತಲ್ಲ, ಅದ ನಿನ್ನ ಬಿಯರು!" ಹಿಟ್ಟಿನಂಶ, ಅದನ್ನು ಸಿಹಿಯಾಗಿಸುವ ಗುಣ, ಎಲ್ಲವನ್ನೂ ನಾನು ಮೂರು ಸಲ ನಲ್ಲಿ ಬಿಟ್ಟು ಚರಂಡಿಗೆ ಕಳಿಸಿದ್ದೆ. ಬಾಗಿಲಲ್ಲಿ ನಿಂತಿದ್ದ ಸ್ಮಿತಾ, "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಬಿಡು," ಎಂದಳು. ಕಿಟ್ಟಿನ ಜೊತೆ ಬಂದ ಪುಸ್ತಕದಲ್ಲಿ ತೊಳೆಯಬೇಡಿ ಎಂದು ಎಲ್ಲೂ ಬರೆದಿರಲಿಲ್ಲ. ಬರೆದವರಿಗೆ ತೊಳೆಯುವವರು ಇದ್ದಾರೆಂದೇ ಗೊತ್ತಿರಲಿಕ್ಕಿಲ್ಲ. ಹೇಳುವಾಗ ನಾನೂ ಬಿಟ್ಟದ್ದು ಬೇಕೆಂದಲ್ಲ. ಕಾಳು ತೊಳೆಯುವುದನ್ನು ಯಾರಾದರೂ ಕೆಲಸ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆಯೇ?

"ನಾನೂ ಕೇಳಲಿಲ್ಲ ನೋಡು," ಎಂದರು ಆಂಟಿ. "ಹಿಟ್ಟಿನ ಲ್ಯಾಬಿನಾಗ ಮೂವತ್ತು ವರ್ಷ ಇದ್ದು ಕೇಳಲಿಲ್ಲ. ಮನ್ಯಾಗ ನಾನೂ ತೊಳೀತೀನಲ್ಲ, ಅದಕ್ಕ."

ಈ ಬಾರಿ ಒಂದೇ ಸಲ ತೊಳೆದಿದ್ದರಿಂದ ಇನ್ನೂ ಆಸೆಯಿತ್ತು. ನುಚ್ಚನ್ನು ಬಿಸಿನೀರಿಗೆ ಹಾಕಿ, ಒಲೆ ಸಣ್ಣಗಿಟ್ಟೆವು. ಅರವತ್ತೇಳು ಡಿಗ್ರಿ ದಾಟಬಾರದು. ಅಷ್ಟರಲ್ಲಿ ನನ್ನ ಆಫೀಸಿನ ಕಾಲ್ ಬಂತು. ಆಂಟಿ, "ನೀ ಹೋಗು, ನಾ ನೋಡ್ಕೋತೀನಿ," ಎಂದರು. ಸ್ಮಿತಾ ದಿನಸಿ ತರಲು ಹೊರಟಳು.

ಅರ್ಧ ಗಂಟೆಯ ಮೇಲೆ ನಾನು ಕೆಳಗಿಳಿಯುತ್ತಿದ್ದೇನೆ, ಮೆಟ್ಟಿಲ ತುದಿಗೇ ಸೀದ ವಾಸನೆ ಬಡಿಯಿತು. ತಳ ಹಿಡಿದ ಗಂಜಿಯ ವಾಸನೆ, ಮನೆ ತುಂಬ. ಓಡಿ ಬಂದು ನೋಡಿದರೆ ಆಂಟಿ ಪಾತ್ರೆಯ ಪಕ್ಕದಲ್ಲೇ ಕೂತಿದ್ದರು. ಮಾಸ್ಕ್ ಕೆಳಗೇ ಇತ್ತು. ಥರ್ಮಾಮೀಟರ್ ರಸದ ಮೇಲ್ಭಾಗದಲ್ಲಿ ಹಿಡಿದು, ಐದೈದು ನಿಮಿಷಕ್ಕೆ ಅರವತ್ತೇಳು, ಅರವತ್ತೇಳು ಎಂದು ಬರೆಯುತ್ತಿದ್ದರು. ಸುಟ್ಟದ್ದು ತಳದಲ್ಲಿ. ಅದು ಕಣ್ಣಿಗೆ ಕಾಣುವ ಸಂಗತಿಯಲ್ಲ.

ನಾನು ಒಲೆ ಆರಿಸಿದೆ. ಅವರು ನನ್ನ ಮುಖ ನೋಡಿದರು.

"ಹೊತ್ತೇದೇನು?"

"ಸ್ವಲ್ಪ, ಆಂಟಿ."

"ಸ್ವಲ್ಪ ಇರಲಿಕ್ಕಿಲ್ಲ. ನೀ ಓಡಿ ಬಂದಿ." ಪೆನ್ಸಿಲ್ ಕೆಳಗಿಟ್ಟರು. "ನನಗ ಗೊತ್ತಾಗಲಿಲ್ಲ ತಮ್ಮಾ. ಡಿಸೆಂಬರಿಂದ ಏನೂ ಗೊತ್ತಾಗವಲ್ದು."

ಆಗ ಎಲ್ಲ ಹೇಳಿದರು. ಸಾರಿಗೆ ಇಂಗು ಚಮಚದ ಅಳತೆಯ ಮೇಲೆ ಬೀಳುತ್ತಿತ್ತು, ಒಗ್ಗರಣೆ ಗಡಿಯಾರ ನೋಡಿಕೊಂಡು. ಅಂಕಲ್‌ಗೆ ಹೇಳಿಬಿಡಬಾರದೇ ಎಂದೆ. ಅವರು ಸಿಂಕಿನ ಕಡೆ ನೋಡುತ್ತ, "ಇವರು ನಾಲ್ಕು ಮಂದಿ ಎದುರು ಹೇಳಿಕೊಳ್ಳೂದು ಅದೊಂದ. ಅದನ್ನೂ ಕಸಗೊಂಡರ ಏನು ಮಾತಾಡಬೇಕು ಅವರು?" ಎಂದರು. ನನಗೆ ಆ ಕ್ಷಣ ಬಹಳ ಬೇಸರವಾಯಿತು. ಬಿಯರಿಗಾಗಿ ಅಲ್ಲ ಎಂದು ಹೇಳಬೇಕಾಗಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಸ್ಮಿತಾಳಿಗೂ ಹೇಳಲಿಲ್ಲ.

ಮೂರನೆಯ ಸಲ ತೊಳೆಯದೆ, ತಳ ಹಿಡಿಸದೆ ಮಾಡಿದೆ. ಕಡ್ಡಿ ನಲವತ್ತೊಂಬತ್ತಕ್ಕೆ ನಿಂತಿತು. ಆಂಟಿ ಬೇಲಿಯಾಚೆಯಿಂದ ಚಪ್ಪಾಳೆ ತಟ್ಟಿದರು. ಮೂಸಿ ನೋಡಿ ಎಂದು ಅವರನ್ನು ನಾನು ಕೇಳಲಿಲ್ಲ. ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಸಿಕ್ಕವರು ಪ್ರಸಾದದ ದೊನ್ನೆ ಮುಂದೆ ಹಿಡಿದು "ಆಂಟಿ, ತುಪ್ಪ ಹೇಗಿದೆ ಹೇಳಿ" ಎಂದಾಗ ಅವರು "ಘಮ ಘಮ" ಎಂದು ನಗುವುದನ್ನು ಎರಡು ವರ್ಷ ನೋಡಿದೆ. ಪಕ್ಕದಲ್ಲಿ ಅಂಕಲ್ ಬೀಗುತ್ತಿದ್ದರು. ನಾನು ಬೇರೆ ಕಡೆ ತಿರುಗಿಕೊಳ್ಳುತ್ತಿದ್ದೆ.

2023ರಲ್ಲಿ ಅವರಿಬ್ಬರೂ ಮಗಳ ಮನೆಯ ಹತ್ತಿರ ಇರಲೆಂದು ಮಾರಿಸ್‌ವಿಲ್ಲಿಗೆ ಹೋದರು. ಅದರ ಮುಂದಿನ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು, ಹೃದಯಾಘಾತ. ಆ ನಡುವೆ ಅವರನ್ನು ನೋಡಿದ್ದು ಒಂದೇ ಸಲ. ಕೆಲಸದ ಮೇಲೆ ಅಟ್ಲಾಂಟಾಕ್ಕೆ ಡ್ರೈವ್ ಮಾಡುತ್ತಿದ್ದವನು ದಾರಿಯಲ್ಲಿ ಇಳಿದೆ. ಕೈಯಲ್ಲಿ ಹೊಸ ಬಾಟಲಿಯೊಂದಿತ್ತು. ತರಬಾರದಿತ್ತು, ಆದರೆ ಅಂಕಲ್ ಫೋನಿನಲ್ಲಿ ಹಟ ಹಿಡಿದಿದ್ದರು.

ಬಾಟಲಿ ತೆಗೆದದ್ದೂ ಅವರೇ, ಗ್ಲಾಸಿಗೆ ಬಗ್ಗಿಸಿ ಆಂಟಿಯ ಕೈಗೆ ಕೊಟ್ಟದ್ದೂ ಅವರೇ. "ಇಂದೂ, ಹೇಳು. ಈ ಸಲ ಇಂವ ಏನು ತಪ್ಪು ಮಾಡ್ಯಾನ ಹೇಳು ಇವಗ."

ಆಂಟಿ ಗ್ಲಾಸನ್ನು ಮೂಗಿನ ಹತ್ತಿರ ಒಯ್ದರು. ಅವರು ಏನೇ ಅಂದರೂ ಹೌದೆನ್ನಲು ನಾನು ತಯಾರಾಗಿ ಕೂತಿದ್ದೆ. ಅವರು ಗ್ಲಾಸನ್ನು ಮೇಜಿನ ಮೇಲಿಟ್ಟರು.

"ನನಗ ಏನೂ ಬರೂದಿಲ್ಲ," ಎಂದರು.

"ಏನು ಬರೂದಿಲ್ಲ?"

"ವಾಸನಿ. ಎರಡೂವರಿ ವರ್ಷಾತು. ಇನ್ನ ಸಾಕು, ಸುಳ್ಳು ಹೇಳಿ ಹೇಳಿ ದಣದೀನಿ."

ಅಂಕಲ್ ನನ್ನ ಕಡೆ ನೋಡಿದರು. ನನಗೆ ಗೊತ್ತಿತ್ತೆಂದು ಅವರಿಗೆ ತಿಳಿದುಹೋಯಿತು. "ಮತ್ತ ದಿನಾ ಸಾರು?" ಎಂದರು.

"ಅಂದಾಜು."

ಅಂಕಲ್‌ಗೆ ಕೋಪ ಬರಬಹುದೆಂದು ನಾನು ಹೆದರಿದ್ದೆ. ಅವರು ಎದ್ದು ಕುರ್ಚಿಯನ್ನು ಆಂಟಿಯ ಪಕ್ಕಕ್ಕೆ ಎಳೆದುಕೊಂಡರು, ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದರು, ಕಣ್ಣು ಮುಚ್ಚಿ ಅದರೊಳಗೆ ಮೂಗು ಇಟ್ಟರು.

"ಬಾಳೆಹಣ್ಣು," ಎಂದರು. ಗೋಧಿ ಬಿಯರಿಗೆ ಇರುವ ವಾಸನೆಯೇ ಅದು.

"ಎಂಥಾ ಬಾಳೆಹಣ್ಣು? ಹಳದಿ ಇದ್ದದ್ದೋ, ಕರೀ ಚುಕ್ಕಿ ಬಿದ್ದದ್ದೋ?"

ಅಂಕಲ್ ಮತ್ತೆ ಮೂಸಿದರು. "ಚುಕ್ಕಿ ಬಿದ್ದದ್ದು."

"ಇನ್ನೇನದ?"

"ಇನ್ನೂ ಏನೋ ಅದ ಇಂದೂ. ಹೆಸರು ಬರವಲ್ದು."

"ಅವಸರ ಇಲ್ಲ," ಎಂದರು ಆಂಟಿ. "ಇನ್ನೊಮ್ಮೆ ಮೂಸ್ರಿ."